ಇಸಿಜಿ ಓದುವ ಯಂತ್ರವೂ ಶೇ 99ರ ಲೆಕ್ಕವೂ

ಇಸಿಜಿಯ ಗೆರೆಗಳಿಂದ ಹೃದಯಾಘಾತವನ್ನು ಶೇ 99ರಷ್ಟು ನಿಖರವಾಗಿ ಗುರುತಿಸುವ ತಂತ್ರಾಂಶ ಸಿದ್ಧವಾಗಿದೆ ಎಂಬ ಪ್ರಬಂಧ ಕೈಗೆ ಬಂದರೆ, ಅದಕ್ಕೆ ಕಲಿಸಲು ಯಾರ ಇಸಿಜಿ ಬಳಸಿದರು, ಪರೀಕ್ಷಿಸಲು ಯಾರದನ್ನು ಬಳಸಿದರು ಎಂಬುದನ್ನೇ ನಾನು ಮೊದಲು ಹುಡುಕುತ್ತೇನೆ. ಇಂತಹ ಹಲವು ಪ್ರಯೋಗಗಳಿಗೆ ಆಧಾರವಾದ ಜರ್ಮನಿಯ ಪಿಟಿಬಿ ದತ್ತಾಂಶದಲ್ಲಿ ಇರುವುದು 290 ಜನರ 549 ದಾಖಲೆಗಳು. ಅವರಲ್ಲಿ ಹೃದಯಾಘಾತವಾದವರು 148 ಮಂದಿ, ಆರೋಗ್ಯವಂತರು 52 ಮಂದಿ. ಈ ದಾಖಲೆಗಳನ್ನು ಒಂದೊಂದೇ ಬಡಿತವಾಗಿ ಕತ್ತರಿಸಿದರೆ ಸಾವಿರಾರು ಮಾದರಿಗಳು ಸಿಗುತ್ತವೆ, ನಿಜ. ಆದರೆ ಅವನ್ನೆಲ್ಲ ಕಲಸಿ ಎರಡು ಪಾಲು ಮಾಡಿದಾಗ ಒಬ್ಬರೇ ರೋಗಿಯ ಬಡಿತಗಳು ಕಲಿಕೆಯ ಪಾಲಿಗೂ ಪರೀಕ್ಷೆಯ ಪಾಲಿಗೂ ಬೀಳುತ್ತವೆ. ಒಬ್ಬೊಬ್ಬರ ಇಸಿಜಿಗೂ ಅದರದೇ ಚಹರೆ ಇರುವುದರಿಂದ, ಯಂತ್ರ ರೋಗಿಯ ಗುರುತು ಹಿಡಿದು ರೋಗವನ್ನು ಕಂಡಂತೆ ತೋರಿಸಿಬಿಡುತ್ತದೆ. ರೋಗಿಗಳನ್ನೇ ಬೇರ್ಪಡಿಸಿ ಪರೀಕ್ಷಿಸಿದರೆ ಅಂಕ ಇಳಿಯುತ್ತದೆ.

ಇನ್ನೊಂದು ತೊಡಕು, ‘ಹೃದಯಾಘಾತ’ ಎಂಬ ಹಣೆಪಟ್ಟಿಯದು. ಆ ಸಂಗ್ರಹದಲ್ಲಿ ಆಘಾತವಾಗಿ ಎಷ್ಟೋ ದಿನಗಳಾದ ಮೇಲೆ ತೆಗೆದ ಇಸಿಜಿಗಳೂ ಇವೆ. ತುರ್ತು ಚಿಕಿತ್ಸಾ ಘಟಕದಲ್ಲಿ ನಿಂತ ವೈದ್ಯರಿಗೆ ಬೇಕಾದದ್ದು ಹಳೆಯ ಗಾಯದ ಗುರುತಲ್ಲ. ಈ ಕ್ಷಣದಲ್ಲಿ ರಕ್ತನಾಳ ಮುಚ್ಚಿದೆಯೇ ಎಂಬ ಉತ್ತರ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ, 7,313 ರೋಗಿಗಳನ್ನು ಒಳಗೊಂಡ ಅಧ್ಯಯನ ನನಗೆ ಮೆಚ್ಚುಗೆಯಾದದ್ದು ಈ ಕಾರಣಕ್ಕೆ: ಅವರು ಮುಚ್ಚಿದ ನಾಳವನ್ನೇ ಗುರಿಯಾಗಿಟ್ಟುಕೊಂಡು, ಕಲಿಕೆಗೆ ಬಳಸದ ರೋಗಿಗಳ ಮೇಲೆ ತಂತ್ರಾಂಶವನ್ನು ಪರೀಕ್ಷಿಸಿದರು.

ತಪ್ಪಿನ ಬೆಲೆಯನ್ನೂ ಲೆಕ್ಕ ಹಾಕಬೇಕು. ಎದೆನೋವಿನಿಂದ ಬಂದ 1,000 ಜನರಲ್ಲಿ 50 ಮಂದಿಗೆ ಹೃದಯಾಘಾತವಾಗಿದೆ ಎಂದುಕೊಳ್ಳಿ. ರೋಗವಿದ್ದವರಲ್ಲೂ ಇಲ್ಲದವರಲ್ಲೂ ಶೇ 90ರಷ್ಟು ಸರಿಯಾಗಿ ಹೇಳುವ ಯಂತ್ರ 45 ಮಂದಿಯನ್ನು ಹಿಡಿಯುತ್ತದೆ, ಜೊತೆಗೆ ರೋಗವಿಲ್ಲದ 95 ಮಂದಿಗೂ ಗಂಟೆ ಬಾರಿಸುತ್ತದೆ. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಿ, ಅಗತ್ಯವಿದ್ದವರಿಗೆ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಈ ಔಷಧದಿಂದ ಅಪರೂಪಕ್ಕಾದರೂ ಮಿದುಳಿನಲ್ಲಿ ರಕ್ತಸ್ರಾವವಾಗಬಹುದಾದ್ದರಿಂದ, ಆ 95 ಮಂದಿಯನ್ನು ಬೇರ್ಪಡಿಸುವ ಕೆಲಸ ವೈದ್ಯರದೇ.

ಯಂತ್ರ ‘ಸಹಜ’ ಎಂದಾಗಲೂ ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷಗಳಲ್ಲಿ ನಾನು ಇಸಿಜಿಯನ್ನು ಮತ್ತೆ ತೆಗೆಸುತ್ತೇನೆ. ಹೃದಯದ ಹಿಂಬದಿಗೆ ರಕ್ತ ಒಯ್ಯುವ ಸರ್ಕಂಫ್ಲೆಕ್ಸ್ ಧಮನಿ ಮುಚ್ಚಿದಾಗ ಹೃದಯವನ್ನು ಬೇರೆ ಬೇರೆ ದಿಕ್ಕಿನಿಂದ ತೋರಿಸುವ ಮಾಮೂಲಿನ ಹನ್ನೆರಡು ಲೀಡ್‌ಗಳಲ್ಲಿ ಎಸ್‌ಟಿ ಭಾಗ (ನಾಳ ಮುಚ್ಚಿದಾಗ ಸಾಮಾನ್ಯವಾಗಿ ಮೇಲೇರುವ ಇಸಿಜಿ ಗೆರೆಯ ತುಣುಕು) ಏರದೆಯೇ ಇರಬಹುದು. ಆಗ ಬೆನ್ನಿನ ಮೇಲೆ ವಿ7, ವಿ8, ವಿ9 ಲೀಡ್‌ಗಳನ್ನು ಅಂಟಿಸಿ ನೋಡಬೇಕಾಗುತ್ತದೆ.