ಆ ಮೂರು ತಿಂಗಳು ಯಾರ ಪಾಲು?

ಅಮೆರಿಕದ ಆಟಗಾರ ಶಾಕಿಲ್ ಓನೀಲ್ (ಶಾಕ್) ಬಗ್ಗೆ ಬಾಸ್ಕೆಟ್‌ಬಾಲ್ ನೋಡುವವರು ಈಗಲೂ ಒಂದು ಮಾತು ಹೇಳುತ್ತಾರೆ. ಸಿನಿಮಾ, ರ‍್ಯಾಪ್, ಜಾಹೀರಾತು ಅಂತ ಓಡಾಡದೆ ಆಟದ ಮೇಲಷ್ಟೇ ಗಮನ ಇಟ್ಟಿದ್ದರೆ ಇನ್ನೂ ಎಷ್ಟೋ ಸಾಧಿಸುತ್ತಿದ್ದ ಅಂತ. ಆಟಗಾರರ ಮಂಡಿ, ಪಾದ ನೋಡುವುದೇ ನನ್ನ ಕೆಲಸ. ಫಿಸಿಯೋ ಆಗಿ ನೋಡಿದರೆ ಈ ಮಾತು ಅರ್ಧ ಮಾತ್ರ ಸರಿ. ಉಳಿದ ಅರ್ಧವನ್ನು ಇಲ್ಲಿ ಹೇಳಬೇಕು ಅನ್ನಿಸಿತು. ಯಾಕೆಂದರೆ ಈಗ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಲ್ಲೂ ಹಲವರು ರೀಲ್ಸ್, ಶೂ ಪ್ರಚಾರ, ಜಾಹೀರಾತು ಅಂತ ಆಟದ ಆಚೆ ಇನ್ನೊಂದು ಬದುಕು ನಡೆಸುತ್ತಿದ್ದಾರೆ.

ಮೊದಲು ವರ್ಷಗಳನ್ನು ನೋಡೋಣ. ಶಾಕ್ 1992ರಲ್ಲಿ ಒರ್ಲ್ಯಾಂಡೊ ಮ್ಯಾಜಿಕ್ ತಂಡಕ್ಕೆ ಬಂದ. 1993ರಲ್ಲೇ ಮೊದಲ ರ‍್ಯಾಪ್ ಆಲ್ಬಂ ಬಂತು, ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ‘ಪ್ಲಾಟಿನಂ’ ಮನ್ನಣೆ ಪಡೆಯಿತು. 1996ರಲ್ಲಿ ‘ಕಝಾಮ್’, 1997ರಲ್ಲಿ ‘ಸ್ಟೀಲ್’. ಎರಡೂ ಸಿನಿಮಾ ಸೋತವು. ಅದೇ ಹೊತ್ತಿಗೆ ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡ ಸೇರಿದ್ದ ಶಾಕ್, ಗಾಯದಿಂದಾಗಿ ಮೊದಲ ಋತುವಿನ 82 ಪಂದ್ಯಗಳಲ್ಲಿ ಆಡಿದ್ದು 51 ಮಾತ್ರ. ಟೀಕೆ ಜೋರಾಗಿತ್ತು. ಆದರೆ ಅವನ ಅತ್ಯುತ್ತಮ ಆಟ ಬಂದಿದ್ದು ಇದೆಲ್ಲ ಆದ ಮೇಲೆ! 1999-2000ರ ಋತುವಿನಲ್ಲಿ 79 ಪಂದ್ಯ ಆಡಿದ. ಪಂದ್ಯಕ್ಕೆ ಸರಾಸರಿ 29.7 ಅಂಕ, 13.6 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). 2000, 2001, 2002ರಲ್ಲಿ ಲೇಕರ್ಸ್ ಸತತವಾಗಿ ಪ್ರಶಸ್ತಿ ಗೆದ್ದಿತು, ಮೂರೂ ಸಲ ಫೈನಲ್‌ನ ಶ್ರೇಷ್ಠ ಆಟಗಾರ ಅವನೇ. ಸಿನಿಮಾ ಅವನನ್ನು ಹಾಳು ಮಾಡಿತು ಅನ್ನುವುದಾದರೆ ಈ ಮೂರು ವರ್ಷಗಳಿಗೆ ಏನು ಹೇಳೋಣ?

ನನ್ನ ಲೆಕ್ಕದಲ್ಲಿ ಕಥೆ ತಿರುಗುವುದು ಕಾಲಿನ ಹೆಬ್ಬೆರಳಿನಲ್ಲಿ. ಶಾಕ್‌ನ ಬಲಗಾಲಿನ ಹೆಬ್ಬೆರಳಿನ ಬುಡದ ಕೀಲು ಸವೆದು ಬಿಗಿಯಾಗಿತ್ತು. ಕೇಳುವುದಕ್ಕೆ ಸಣ್ಣ ವಿಷಯ, ಅಲ್ವಾ? ಆದರೆ ಓಡುವಾಗ, ಹಾರುವಾಗ ನೆಲವನ್ನು ಕೊನೆಯದಾಗಿ ಒತ್ತುವುದು ಆ ಬೆರಳೇ. ಅದು ಮೇಲಕ್ಕೆ ಬಾಗಬೇಕು. ತುಕ್ಕು ಹಿಡಿದ ಬಾಗಿಲಿನ ಹಾಗೆ ಅದು ಅರ್ಧಕ್ಕೇ ನಿಂತರೆ ದೇಹ ಬೇರೆ ದಾರಿ ಹುಡುಕುತ್ತದೆ. ಭಾರ ಪಾದದ ಹೊರ ಅಂಚಿಗೆ ಜಾರುತ್ತದೆ. ಮೀನಖಂಡಕ್ಕೆ ಕೆಲಸ ಜಾಸ್ತಿ, ಮಂಡಿ ತಿರುಚುತ್ತದೆ, ಸೊಂಟ ಬಿಗಿಯುತ್ತದೆ. ಹಾರಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಹೊರೆ ಮೈತೂಕದ ಹಲವು ಪಟ್ಟು. ಶಾಕ್‌ನ ತೂಕ ಸುಮಾರು 147 ಕಿಲೋ. ಕೆಲವು ಋತುಗಳಲ್ಲಿ ಇನ್ನೂ ಹೆಚ್ಚೇ ಇತ್ತು.

2002ರ ಜೂನ್ 12ಕ್ಕೆ ಲೇಕರ್ಸ್ ಪ್ರಶಸ್ತಿ ಗೆದ್ದಿತು. ಬೆರಳಿನ ಶಸ್ತ್ರಚಿಕಿತ್ಸೆ ಆಗಿದ್ದು ಸೆಪ್ಟೆಂಬರ್ 11ಕ್ಕೆ. ನಡುವೆ ಮೂರು ತಿಂಗಳು. ಗಾಯ ಆಗಿದ್ದು ತಂಡದ ಸಮಯದಲ್ಲಿ, ವಾಸಿಯಾಗುವುದೂ ತಂಡದ ಸಮಯದಲ್ಲೇ ಅನ್ನುವ ಅರ್ಥದ ಮಾತನ್ನು ಅವನು ಆಗ ಆಡಿದ್ದ. ಅಕ್ಟೋಬರ್ ಕೊನೆಗೆ ಋತು ಶುರುವಾಯಿತು. ಮೊದಲ 12 ಪಂದ್ಯಗಳಿಗೆ ಶಾಕ್ ಇರಲಿಲ್ಲ, ಲೇಕರ್ಸ್ ಅದರಲ್ಲಿ 9 ಸೋತಿತು. ಆ ವರ್ಷ ಪ್ರಶಸ್ತಿಯೂ ಕೈತಪ್ಪಿತು.

ಈ ಮೂರು ತಿಂಗಳನ್ನೇ ಆಟಗಾರರು ಆಫ್ ಸೀಸನ್ ಅನ್ನುತ್ತಾರೆ. ರಜೆ ಅಂತ ಎಲ್ಲರೂ ತಿಳಿಯುತ್ತಾರೆ. ನಮ್ಮ ಪಾಲಿಗೆ ಅದು ರಿಪೇರಿಯ ಕಾಲ. ನೋಯುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಗಟ್ಟಿಯಾಗಲು ಸಾಮಾನ್ಯವಾಗಿ 12 ವಾರಗಳ ವ್ಯಾಯಾಮ ಕೊಡುತ್ತೇವೆ. ವಾರಕ್ಕೆ ಮೂರು ಸಲ, ನಿಧಾನವಾಗಿ ಭಾರ ಏರಿಸುತ್ತಾ. ಮಧ್ಯೆ ಎರಡು ವಾರ ಬಿಟ್ಟರೆ ಬಿಟ್ಟ ಜಾಗದಿಂದ ಮುಂದುವರಿಸಲು ಆಗುವುದಿಲ್ಲ, ಭಾರ ಇಳಿಸಿ ಮತ್ತೆ ಹಿಂದಿನಿಂದ ಬರಬೇಕು. ಫೈನಲ್‌ವರೆಗೆ ಆಡಿದವರಿಗೆ ಈ 12 ವಾರ ಬಿಟ್ಟರೆ ಬೇರೆ ಸಮಯವೇ ಇಲ್ಲ. ಜಾಹೀರಾತು, ಟಿವಿ, ಸಿನಿಮಾದವರು ಕೇಳುವುದೂ ಇದೇ ವಾರಗಳನ್ನು.

ಕ್ಯಾಮೆರಾ ಮುಂದೆ ನಿಂತರೆ ಕಾಲು ಸವೆಯುವುದಿಲ್ಲ, ನಿಜ. ಆದರೆ ಶೂಟಿಂಗ್ ದಿನ ಹೇಗಿರುತ್ತದೆ ಅಂತ ಆಟಗಾರರನ್ನು ಕೇಳಿ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಂತಿರುವುದು, ಹೊತ್ತಲ್ಲದ ಹೊತ್ತಿಗೆ ಊಟ, ತಡರಾತ್ರಿಯ ವಿಮಾನ. ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಸ್ನಾಯು ಚೇತರಿಸಿಕೊಳ್ಳುವುದಿಲ್ಲ. ಆ ವಾರದ ಮೂರು ವ್ಯಾಯಾಮಗಳಲ್ಲಿ ಒಂದೇ ಆಗುತ್ತದೆ. ಇದರ ಫಲ ಅವತ್ತು ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಮೀನಖಂಡ ಹಿಡಿದುಕೊಂಡಾಗ ಕಾಣುತ್ತದೆ.

ಅವನ ಕೊನೆಯ ವರ್ಷಗಳಲ್ಲಿ ನನಗೆ ತುಂಬ ಇಷ್ಟವಾದ ಒಂದು ಭಾಗವಿದೆ, ಜನ ಅದನ್ನು ನೆನೆಯುವುದು ಕಡಿಮೆ. ಲೇಕರ್ಸ್ ಬಿಟ್ಟು ಸೇರಿದ ಮಯಾಮಿ ತಂಡದಲ್ಲಿ 2006ರ ಪ್ರಶಸ್ತಿ ಗೆದ್ದ ಮೇಲೆ ಅವನ ದೇಹ ಇಳಿಮುಖವಾಗಿತ್ತು. ಮರುವರ್ಷ ಬರೀ 40 ಪಂದ್ಯ. 2008ರ ಫೆಬ್ರವರಿಯಲ್ಲಿ ಫೀನಿಕ್ಸ್ ಸನ್ಸ್ ತಂಡಕ್ಕೆ ಹೋದಾಗ ಕಥೆ ಮುಗಿಯಿತು ಅಂತಲೇ ಬಹಳ ಜನ ಅಂದುಕೊಂಡರು. ಅಲ್ಲಿನ ತರಬೇತಿ ಸಿಬ್ಬಂದಿಗೆ, ಅದರ ಮುಖ್ಯಸ್ಥ ಆರನ್ ನೆಲ್ಸನ್‌ಗೆ, ನಮ್ಮ ವೃತ್ತಿಯಲ್ಲಿ ದೊಡ್ಡ ಹೆಸರಿತ್ತು. 2008-09ರಲ್ಲಿ ಶಾಕ್ 75 ಪಂದ್ಯ ಆಡಿದ. ಅದರ ಹಿಂದಿನ ಎಂಟು ಋತುಗಳಲ್ಲಿ ಒಮ್ಮೆಯೂ ಅವನು ಅಷ್ಟು ಆಡಿರಲಿಲ್ಲ. ಪಂದ್ಯಕ್ಕೆ 17.8 ಅಂಕ. ಆ ಋತುವಿನ ನಡುವೆಯೇ ಅವನಿಗೆ 37 ತುಂಬಿತು. ಗಾಯಗಳ ಸರಮಾಲೆಯನ್ನೇ ಕಂಡಿದ್ದ ಗ್ರ್ಯಾಂಟ್ ಹಿಲ್ ಕೂಡ ಅದೇ ತಂಡದಲ್ಲಿ ಆ ವರ್ಷ 82ಕ್ಕೆ 82 ಪಂದ್ಯ ಆಡಿದ. ಶಾಕ್‌ನ ಜಾಹೀರಾತು, ಪ್ರಚಾರ ಆಗಲೂ ನಿಂತಿರಲಿಲ್ಲ. ಬದಲಾಗಿದ್ದು ದಿನದಿನದ ಆರೈಕೆ ಅಂತ ನಾನು ನಂಬುತ್ತೇನೆ.

ಮುಂದಿನ ವರ್ಷ ಕ್ಲೀವ್‌ಲ್ಯಾಂಡ್ ತಂಡ. ಕೈಯ ಹೆಬ್ಬೆರಳಿಗೆ ಪೆಟ್ಟು ಬಿದ್ದು 53 ಪಂದ್ಯಕ್ಕೆ ನಿಂತ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಬೇರೆ ಆಟಗಳ ಚಾಂಪಿಯನ್‌ಗಳ ಜೊತೆ ಪೈಪೋಟಿ ಮಾಡುವ ಟಿವಿ ಕಾರ್ಯಕ್ರಮ ನಡೆಸಿದ್ದ. ಆ ಪೆಟ್ಟಿಗೆ ಟಿವಿಯನ್ನು ದೂರುವುದು ತಪ್ಪು. ಆಮೇಲೆ ಬಾಸ್ಟನ್‌ನಲ್ಲಿ 37 ಪಂದ್ಯ, ಬಲಗಾಲಿನ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್‌ನ ನೋವು, 2011ರ ಜೂನ್ 1ಕ್ಕೆ ನಿವೃತ್ತಿ. ಹತ್ತೊಂಬತ್ತು ಋತು ಆಡಿದ ಅಷ್ಟು ತೂಕದ ಮನುಷ್ಯನ ಕಾಲು ಅಲ್ಲಿಗೆ ಸೋತರೆ ಅದರಲ್ಲಿ ಅಚ್ಚರಿ ಇಲ್ಲ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ಪ್ರಚಾರ ಬಿಡಿ ಅಂತ ನಾನು ಹೇಳುವುದಿಲ್ಲ. ಆಟದ ಆಯಸ್ಸು ಚಿಕ್ಕದು, ದುಡ್ಡು ಬೇಕು. ನಾನು ಕೇಳುವುದು ಒಪ್ಪಂದದ ತಾರೀಖುಗಳನ್ನು. ಋತು ಮುಗಿದ ಮೊದಲ ಎರಡು ವಾರ ಹೇಗೂ ದೇಹಕ್ಕೆ ವಿಶ್ರಾಂತಿ ಬೇಕು, ಶೂಟಿಂಗ್ ಅಲ್ಲಿಗೆ ಹಾಕಿಸಿಕೊಳ್ಳಿ, ರಾತ್ರಿ ಶೂಟಿಂಗ್ ಮಾತ್ರ ಬೇಡ ಅನ್ನುತ್ತೇನೆ. ಮೂರನೇ ವಾರದಿಂದ ವ್ಯಾಯಾಮದ ದಿನಗಳನ್ನು ಮುಟ್ಟಬಾರದು. ಬೇರೆ ದಾರಿ ಇಲ್ಲದಿದ್ದರೆ ಬೆಳಗ್ಗೆ ವ್ಯಾಯಾಮ ಮುಗಿಸಿ ಆಮೇಲೆ ಸೆಟ್‌ಗೆ ಹೋಗಿ. ಕರಾರಿಗೆ ಸಹಿ ಹಾಕುವ ಮೊದಲು ಕೋಚ್ ಮತ್ತು ಫಿಸಿಯೋ ಇಬ್ಬರಿಗೂ ಆ ತಾರೀಖುಗಳನ್ನು ತೋರಿಸಿ. ಸಹಿ ಆದ ಮೇಲೆ ತಂದರೆ ನಮ್ಮ ಕೈಯಲ್ಲಿ ಮಾಡಲು ಜಾಸ್ತಿ ಏನೂ ಉಳಿದಿರುವುದಿಲ್ಲ.