ಕ್ಯಾನ್ಸರ್ ಗಡ್ಡೆ, ಕರಗುವ ಮೂಳೆ ಮತ್ತು ಜಾನ್ ಮಾರ್ಟಿನ್ ಹುಡುಕಾಟ

ಕ್ಯಾನ್ಸರ್ ಇರುವ ಕೆಲವರ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರುತ್ತದೆ. ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಆಮೇಲೆ ಮಂಪರು. ಹಾಗೇ ಬಿಟ್ಟರೆ ಜೀವಕ್ಕೇ ಕುತ್ತು. ಈ ಕ್ಯಾಲ್ಸಿಯಂ ಬಹುಪಾಲು ಬರುವುದು ಮೂಳೆಯಿಂದ. ಗಡ್ಡೆ ಮೂಳೆಗೆ ಹರಡಿದ್ದರೆ ಕಾರಣ ಊಹಿಸಬಹುದು. ಆದರೆ ಗಡ್ಡೆ ಶ್ವಾಸಕೋಶದಲ್ಲೇ ಉಳಿದು, ಮೂಳೆಯ ಕಡೆ ಸುಳಿಯದೇ ಇದ್ದಾಗಲೂ ಮೂಳೆ ಕರಗುವುದು ಹೇಗೆ? ಆಸ್ಟ್ರೇಲಿಯಾದ ವಿಜ್ಞಾನಿ ಟಿ. ಜಾನ್ ಮಾರ್ಟಿನ್ ಅವರ ವೃತ್ತಿಜೀವನದ ದೊಡ್ಡ ಪಾಲು ಈ ಪ್ರಶ್ನೆಯ ಸುತ್ತಲೇ ಕಳೆದಿದೆ.

ಮೊದಲ ಸುಳಿವು ಸಿಕ್ಕಿದ್ದು 1941ರಲ್ಲಿ, ಬಾಸ್ಟನ್‌ನ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಅವರಿಗೆ. ಅವರ ಮುಂದಿದ್ದದ್ದು ಕಿಡ್ನಿ ಕ್ಯಾನ್ಸರ್ ರೋಗಿಯೊಬ್ಬರ ಕೇಸು. ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಫಾಸ್ಫೇಟ್ ಕಡಿಮೆ. ಮೂಳೆಯಲ್ಲಿ ಎರಡೂ ಇರುತ್ತವೆ. ಬರೀ ಮೂಳೆ ಕರಗಿದ್ದರೆ ಎರಡೂ ಏರಬೇಕಿತ್ತು, ಅಲ್ವಾ? ಮೂಳೆ ಕರಗಿಸಿ, ಫಾಸ್ಫೇಟನ್ನು ಕಿಡ್ನಿಯ ಮೂಲಕ ಹೊರಹಾಕಿಸುವುದು ಕುತ್ತಿಗೆಯ ಪುಟ್ಟ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಕೆಲಸ. ಹಾಗಾದರೆ ಗಡ್ಡೆಯೇ ಈ ಹಾರ್ಮೋನನ್ನು ತಯಾರಿಸುತ್ತಿರಬೇಕು ಎಂದು ಆಲ್‌ಬ್ರೈಟ್ ಊಹಿಸಿದರು. ಗಡ್ಡೆಯಲ್ಲಿ ಹುಡುಕಿದರೆ ಹಾರ್ಮೋನ್ ಸಿಗಲಿಲ್ಲ. ಆದರೂ ಊಹೆ ಉಳಿದುಕೊಂಡಿತು, ಮುಂದಿನ ಕೆಲವು ದಶಕ ಎಲ್ಲರೂ ಅದೇ ಹಾರ್ಮೋನಿನ ಹಿಂದೆ ಬಿದ್ದರು.

ಮಾರ್ಟಿನ್ ತಂಡ ಮೆಲ್ಬರ್ನ್‌ನಲ್ಲಿ ಹುಡುಕಿದ ರೀತಿ ನನಗೆ ತುಂಬಾ ಇಷ್ಟ. ಶ್ವಾಸಕೋಶದ ಕ್ಯಾನ್ಸರಿನಿಂದ ಬೆಳೆಸಿದ ಬೆನ್ ಎಂಬ ಕೋಶಗಳನ್ನು ಅವರು ತೆಗೆದುಕೊಂಡರು. ಆ ಕೋಶಗಳು ಬೆಳೆದ ದ್ರವವನ್ನು ಸೋಸಿ, ಬೇರೆ ಬೇರೆ ಭಾಗ ಮಾಡಿದರು. ಒಂದೊಂದು ಭಾಗವನ್ನೂ ಇಲಿಯ ಮೂಳೆ ಗಡ್ಡೆಯ ಕೋಶಗಳಿಗೆ ಹಾಕಿ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಒಯ್ಯುವ ಅಣು ಏರುತ್ತದೆಯೇ ನೋಡಿದರು. ಪ್ಯಾರಾಥೈರಾಯ್ಡ್ ಹಾರ್ಮೋನ್ ತಗುಲಿದರೆ ಆ ಕೋಶಗಳು ಹಾಗೆಯೇ ಪ್ರತಿಕ್ರಿಯಿಸುತ್ತವೆ. ಏರಿದ ಭಾಗ ಇಟ್ಟುಕೊಳ್ಳುವುದು, ಉಳಿದದ್ದು ಬಿಡುವುದು, ಮತ್ತೆ ಸೋಸುವುದು. 1987ರಲ್ಲಿ ಶುದ್ಧ ಪ್ರೋಟೀನ್ ಕೈಗೆ ಬಂತು, ಅದೇ ವರ್ಷ ಅದರ ಜೀನ್ ಕೂಡ. ಅಮೆರಿಕದ ತಂಡಗಳೂ ಅದೇ ಹೊತ್ತಿಗೆ ಅದರ ಹತ್ತಿರ ಬಂದಿದ್ದವು.

ಅದು ಪ್ಯಾರಾಥೈರಾಯ್ಡ್ ಹಾರ್ಮೋನ್ ಆಗಿರಲಿಲ್ಲ! ಪ್ರೋಟೀನಿನ ಸರಪಳಿಯ ಮೊದಲ 13 ಅಮೈನೋ ಆಮ್ಲಗಳಲ್ಲಿ 8 ಮಾತ್ರ ಎರಡರಲ್ಲೂ ಒಂದೇ. ಆ ಹೋಲಿಕೆಯೇ ಸಾಕು, ಕೋಶದ ಮೇಲೆ ಆ ಹಾರ್ಮೋನ್ ಕೂರುವ ಅದೇ ರಿಸೆಪ್ಟರ್‌ಗೆ ಹೋಗಿ ಕೂರುತ್ತದೆ. ಹೆಸರು ಪಿಟಿಎಚ್‌ಆರ್‌ಪಿ, ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನಿಗೆ ಸಂಬಂಧಿಸಿದ ಪ್ರೋಟೀನ್, ಎಂದಾಯಿತು. ಆಲ್‌ಬ್ರೈಟ್ ಹೇಳಿದ್ದು ಮುಕ್ಕಾಲು ಪಾಲು ಸರಿಯೇ ಇತ್ತು.

ಇದಕ್ಕೂ ಮೊದಲು, 1981ರಲ್ಲಿ, ಮಾರ್ಟಿನ್ ಮತ್ತು ಮೂಳೆ ವಿಜ್ಞಾನಿ ಗಿಡಿಯನ್ ರೋಡಾನ್ ಇನ್ನೊಂದು ವಿಷಯ ಎತ್ತಿದ್ದರು. ಪ್ಯಾರಾಥೈರಾಯ್ಡ್ ಹಾರ್ಮೋನಿನಿಂದ ಮೂಳೆ ಕರಗುತ್ತದೆ. ಆದರೆ ಅದರ ರಿಸೆಪ್ಟರ್ ಇರುವುದು ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳಲ್ಲಿ. ಅಂದರೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳಿಗೆ ಅಪ್ಪಣೆ ಹೋಗುವುದು ಕಟ್ಟುವ ಕೋಶಗಳ ಮೂಲಕವೇ ಇರಬೇಕು. ಆಗ ಸಾಕ್ಷಿ ಕಡಿಮೆ. 1998ರ ಹೊತ್ತಿಗೆ ಆ ಅಪ್ಪಣೆ ಒಯ್ಯುವ ಅಣುವೇ ಸಿಕ್ಕಿತು: ರ‍್ಯಾಂಕ್-ಎಲ್. ಅದನ್ನು ತಡೆಯುವ ಡೆನೋಸುಮ್ಯಾಬ್ ಔಷಧಕ್ಕೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಸ್ತನ ಕ್ಯಾನ್ಸರಿನ ವಿಷಯಕ್ಕೆ ಬಂದರೆ ಚಿತ್ರ ಗೋಜಲಾಗುತ್ತದೆ. 1991ರಲ್ಲಿ ಮೆಲ್ಬರ್ನ್ ತಂಡ ನೋಡಿದಾಗ, ಮೂಳೆಗೆ ಹರಡಿದ 13 ಗಡ್ಡೆಗಳಲ್ಲಿ 12ರಲ್ಲಿ ಪಿಟಿಎಚ್‌ಆರ್‌ಪಿ ಇತ್ತು. ಬೇರೆ ಕಡೆ ಹರಡಿದ 18ರಲ್ಲಿ ಬರೀ 3ರಲ್ಲಿ. 1996ರಲ್ಲಿ ಟೆಕ್ಸಾಸ್‌ನ ಥೆರೆಸಾ ಗೈಸ್ ಮತ್ತು ಗ್ರೆಗರಿ ಮುಂಡಿ ಅವರ ತಂಡ ಇಲಿಗಳಲ್ಲಿ ಈ ಪ್ರೋಟೀನನ್ನು ತಡೆದಾಗ ಮೂಳೆಯ ಹಾನಿ ಇಳಿಯಿತು. ಕರಗುವ ಮೂಳೆಯಿಂದ ಟಿಜಿಎಫ್-ಬೀಟಾದಂಥ ಬೆಳವಣಿಗೆಯ ಅಂಶಗಳು ಬಿಡುಗಡೆಯಾಗುತ್ತವೆ, ಅವು ಗಡ್ಡೆಯಿಂದ ಇನ್ನಷ್ಟು ಪಿಟಿಎಚ್‌ಆರ್‌ಪಿ ಹೊರಡಿಸುತ್ತವೆ. ಒಂದನ್ನೊಂದು ಸಾಕುವ ಕೆಟ್ಟ ಚಕ್ರ. ಆದರೆ 2006ರಲ್ಲಿ ಮಾರ್ಟಿನ್ ಅವರ ಸಹೋದ್ಯೋಗಿಗಳು 500ಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಪ್ರಕಟಿಸಿದ ಫಲಿತಾಂಶ ಉಲ್ಟಾ ಇತ್ತು. ಸ್ತನದ ಮೊದಲ ಗಡ್ಡೆಯಲ್ಲೇ ಪಿಟಿಎಚ್‌ಆರ್‌ಪಿ ಇದ್ದವರು ಹೆಚ್ಚು ಕಾಲ ಬದುಕಿದ್ದರು, ಮೂಳೆಗೆ ಹರಡಿದ್ದೂ ಕಡಿಮೆ. ಒಂದೇ ಪ್ರೋಟೀನ್, ಸ್ತನದಲ್ಲಿ ಒಂದು ನಡತೆ, ಮೂಳೆಯಲ್ಲಿ ಇನ್ನೊಂದು. ತಮ್ಮದೇ ಚೆಂದದ ಕಥೆಯನ್ನು ಕೆಡಿಸುವ ಅಂಕಿಗಳನ್ನು ಮುಚ್ಚಿಡದೆ ಹೊರತಂದದ್ದು ಸಣ್ಣ ಮಾತಲ್ಲ.

ಅಸಲಿಗೆ ಪಿಟಿಎಚ್‌ಆರ್‌ಪಿ ಕ್ಯಾನ್ಸರಿನ ಸ್ವತ್ತೇ ಅಲ್ಲ. ಅದರ ಜೀನ್ ಇಲ್ಲದ ಇಲಿಮರಿಗಳ ಅಸ್ಥಿಪಂಜರ ಸರಿಯಾಗಿ ಬೆಳೆಯದೆ ಹುಟ್ಟಿದ ಕೂಡಲೇ ಸಾಯುತ್ತವೆ ಎಂದು 1994ರಲ್ಲೇ ಗೊತ್ತಾಗಿತ್ತು. ತಾಯಿಹಾಲಿನಲ್ಲೂ ಅದು ಯಥೇಚ್ಛ. 2017ರಲ್ಲಿ ಇದೇ ಪ್ರೋಟೀನಿನ ಒಂದು ತುಣುಕನ್ನು ಬದಲಿಸಿ ಮಾಡಿದ ಅಬಲೋಪ್ಯಾರಟೈಡ್, ಆಸ್ಟಿಯೋಪೊರೋಸಿಸ್‌ನಿಂದ ಮೂಳೆ ಮುರಿಯುವ ಭಯವಿರುವ ಮಹಿಳೆಯರಿಗೆ ಔಷಧವಾಗಿ ಬಂತು. ದಿನಕ್ಕೊಂದು ಚುಚ್ಚುಮದ್ದು. ಸದಾ ಸುರಿಯುತ್ತಿದ್ದರೆ ಮೂಳೆ ಕರಗಿಸುವ ಸಂಕೇತ, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಂದು ಹೋದರೆ ಮೂಳೆ ಕಟ್ಟಿಸುತ್ತದೆ.

ಕ್ಯಾನ್ಸರ್ ವಾರ್ಡಿನಲ್ಲಿ ಮಾತ್ರ ಪಿಟಿಎಚ್‌ಆರ್‌ಪಿಯನ್ನೇ ತಡೆಯುವ ಔಷಧ ಬಳಕೆಗೆ ಬಂದಿಲ್ಲ. ಕ್ಯಾಲ್ಸಿಯಂ ಏರಿದ ರೋಗಿಗೆ ಮೊದಲು ಸಲೈನ್ ಹಾಕುತ್ತಾರೆ. ಜೊತೆಗೆ ಮೂಳೆ ಕರಗುವುದನ್ನು ತಡೆಯುವ ಜೋಲೆಡ್ರೋನಿಕ್ ಆಮ್ಲ. ಅದಕ್ಕೂ ಇಳಿಯದಿದ್ದರೆ ಡೆನೋಸುಮ್ಯಾಬ್.