ಅರುಣಾಚಲದ ಮೌನ, ಕದ್ರಿಯ ರಾಮನಾಮ

ಕದ್ರಿ ಮಂಜುನಾಥನಿಗೆ ಕೈಮುಗಿದು, ಕೆರೆಗಳ ಪಕ್ಕದಿಂದ ಮೆಟ್ಟಿಲು ಹತ್ತಿ ಜೋಗಿ ಮಠದ ಕಡೆ ಹೊರಟರೆ ಆಸುಪಾಸಿನಲ್ಲೇ ಪಾಂಡವರ ಗುಹೆಗಳು ಸಿಗುತ್ತವೆ. ಮುರಕಲ್ಲು ಕೊರೆದು ಮಾಡಿದ, ತಲೆ ತಗ್ಗಿಸಿಯೇ ಒಳಹೊಗಬೇಕಾದ ಗೂಡುಗಳು. ಪಾಂಡವರು ಇಲ್ಲಿಗೆ ಬಂದಿದ್ದರೋ ಇಲ್ಲವೋ, ನೂರು ವರ್ಷದ ಹಿಂದೆ ಕಾವಿಯುಟ್ಟ ಒಬ್ಬರು ಇಲ್ಲಿ ಬಂದು ಕೂತದ್ದು ಮಾತ್ರ ನಿಜ. ಊರಿಗೆ ಅವರು ಹೊಸಬರಲ್ಲ. ಇದೇ ಮಂಗಳೂರಿನಲ್ಲಿ ಸಂಸಾರ ಮಾಡಿ, ಸೀರೆಗೆ ಬಣ್ಣ ಹಾಕಿ ಅಚ್ಚು ಒತ್ತುವ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದ, ಕಾಸರಗೋಡು ಕಡೆಯ ಹೊಸದುರ್ಗದ ವಿಠಲ ರಾಯರು. ಈಗ ಅವರ ಹೆಸರು ರಾಮದಾಸ.

1922ರ ಡಿಸೆಂಬರಿನಲ್ಲಿ ಅವರು ಮನೆ ಬಿಟ್ಟರು. ಅಪ್ಪ ಕೊಟ್ಟ ರಾಮಮಂತ್ರವೊಂದೇ ಬಂಡವಾಳ. ಅಲೆಯುತ್ತ ತಿರುವಣ್ಣಾಮಲೈ ಮುಟ್ಟಿದಾಗ ಅಲ್ಲಿ ರಮಣ ಮಹರ್ಷಿಗಳಿದ್ದರು. ಮಧುರೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹದಿನಾರರ ಹುಡುಗ ವೆಂಕಟರಾಮನಿಗೆ 1896ರಲ್ಲಿ ಇದ್ದಕ್ಕಿದ್ದಂತೆ ಸಾವಿನ ಭಯ ಹೊಕ್ಕಿತ್ತು. ಅವನು ಹೆಣದಂತೆ ಮಲಗಿ, ದೇಹ ಸತ್ತರೆ ಉಳಿಯುವುದು ಯಾರು ಎಂದು ನೋಡಿದ್ದ. ಕೆಲವೇ ವಾರಗಳಲ್ಲಿ ತಿರುವಣ್ಣಾಮಲೈಯ ಬೆಟ್ಟ ಅರುಣಾಚಲಕ್ಕೆ ಬಂದವನು ಮತ್ತೆ ಊರಿಗೆ ಹೋಗಲೇ ಇಲ್ಲ. ಕಂದಾಯ ಇಲಾಖೆಯ ನೌಕರ ಶಿವಪ್ರಕಾಶಂ ಪಿಳ್ಳೈ 1902ರ ಸುಮಾರಿಗೆ ಬಂದು ಪ್ರಶ್ನೆ ಕೇಳಿದಾಗ, ಮೌನದಲ್ಲಿದ್ದ ರಮಣರು ಉತ್ತರ ಬರೆದು ತೋರಿಸಿದರು. 'ನಾನು ಯಾರು?' ಎಂಬ ಆತ್ಮವಿಚಾರ ಹೊರಗೆ ಹಬ್ಬಿದ್ದು ಅಲ್ಲಿಂದ.

ಇದನ್ನು ಮಂತ್ರದಂತೆ ಜಪಿಸಬೇಕು ಎಂದುಕೊಂಡವರು ಈಗಲೂ ಬಹಳ. ರಮಣರು ಹೇಳಿದ್ದು ಅದಲ್ಲ. ಯಾವುದೇ ಯೋಚನೆ ಎದ್ದರೂ ಇದು ಯಾರಿಗೆ ಎಂದು ಕೇಳಬೇಕು. ನನಗೆ ಎಂದು ಬಂದರೆ ಆ 'ನಾನು' ಎಲ್ಲಿಂದ ಏಳುತ್ತದೆ ಎಂದು ಹಿಂದೆಹಿಂದೆ ಹೋಗಬೇಕು. ನಮ್ಮ ಕಡೆ ಯಾರೆಂದು ಕೇಳಿದರೆ ಮನೆಯ ಹೆಸರು, ಗುತ್ತು (ಮನೆತನ), ಬರಿ (ತಾಯಿ ಕಡೆಯ ಕುಲ) ಎಲ್ಲ ಹೇಳಿ ಮುಗಿಸುತ್ತೇವೆ. 'ಯಾನ್ ಏರ್?' ಎಂದು ತುಳುವಿನಲ್ಲಿ ತನ್ನನ್ನೇ ಕೇಳಿಕೊಂಡು ನೋಡಿ, ಅವು ಯಾವುವೂ ಉತ್ತರವಾಗುವುದಿಲ್ಲ.

ರಾಮದಾಸರು ಮಾತ್ರ ವಿಚಾರದ ದಾರಿ ಕೇಳಲಿಲ್ಲ. ಕೃಪೆ ಕೇಳಿದರು, ಅದೂ ಇಂಗ್ಲಿಷಿನಲ್ಲಿ. ರಮಣರು ಕೆಲವು ನಿಮಿಷ ಕಣ್ಣಲ್ಲಿ ಕಣ್ಣಿಟ್ಟು ನೋಡಿ ತಲೆಯಾಡಿಸಿದರು, ಅಷ್ಟೇ. ಬಳಿಕ ಬೆಟ್ಟದ ಗುಹೆಯೊಂದರಲ್ಲಿ ಸುಮಾರು ಮೂರು ವಾರ ಹಗಲಿರುಳು ರಾಮನಾಮ. ಹೊರಗೆ ಬಂದಾಗ ಮರ, ಕಲ್ಲು, ಎದುರಾದ ಮನುಷ್ಯ ಎಲ್ಲವೂ ರಾಮನಾಗಿ ಕಂಡಿತಂತೆ.

ಭಕ್ತಿಯಿಂದ ಹೊರಟು ಅದ್ವೈತಕ್ಕೆ ಮುಟ್ಟಿದ ಈ ಬಗೆ ಕರಾವಳಿಯಲ್ಲಿ ಸಣ್ಣ ಸಂಗತಿಯಲ್ಲ. ಉಡುಪಿಯಲ್ಲಿ ಅದ್ವೈತವೆಂದರೆ ಖಂಡಿಸಬೇಕಾದ ಪಕ್ಷ. ಮಧ್ವಾಚಾರ್ಯರು ಗುರು ಅಚ್ಯುತಪ್ರೇಕ್ಷರ ಬಳಿ 'ಇಷ್ಟಸಿದ್ಧಿ' ಎಂಬ ಅದ್ವೈತ ಗ್ರಂಥ ಓದುವಾಗ ಮೊದಲ ಸಾಲಿನಲ್ಲೇ 32 ದೋಷ ತೋರಿಸಿದರು ಎಂಬ ಕತೆ ಅಲ್ಲಿ ಇಂದಿಗೂ ಹೆಮ್ಮೆಯದು. ವಾದಕ್ಕೆ ಇಳಿದಿದ್ದರೆ ತಿರುವಣ್ಣಾಮಲೈಯ ಮಾತಿಗೂ ಅದೇ ಗತಿ ಆಗುತ್ತಿತ್ತೇನೋ. ಅದು ಬಂದದ್ದು ವಾದವಾಗಿ ಅಲ್ಲ, ಭಜನೆಯಾಗಿ. ರಾಮನಾಮ ಹೇಳುವವನ ಬಳಿ ದ್ವೈತವೋ ಅದ್ವೈತವೋ ಎಂದು ಯಾರು ಕೇಳುತ್ತಾರೆ? ರಮಣರೂ ಎರಡು ದಾರಿ ಬಿಟ್ಟಿದ್ದರು: ವಿಚಾರ ಮಾಡು, ಇಲ್ಲವೇ ಶರಣಾಗು. ಇಲ್ಲಿ ಎರಡನೆಯದು ಬೇರುಬಿಟ್ಟಿತು ಎಂದು ನನ್ನ ಲೆಕ್ಕ.

ಪಡುವಣ ದೇಶಗಳಲ್ಲಿ ಮೊದಲನೆಯದೇ ಹೆಚ್ಚು ಓಡಿತು. ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್‌ರ 1934ರ ಪುಸ್ತಕದಿಂದ ರಮಣರ ಹೆಸರು ಅಲ್ಲಿಗೆ ತಲುಪಿತು. ಮುಂದೆ ರಮಣರ ಶಿಷ್ಯ, ಲಖನೌದ ಪೂಂಜಾ ಅವರ ಮೂಲಕ ಸತ್ಸಂಗಗಳ ಒಂದು ಸರಣಿಯೇ ಹುಟ್ಟಿತು. ಸಾಧನೆಯೇ ಬೇಡ, ನೀನು ಆಗಲೇ ಅದೇ ಆಗಿದ್ದೀಯ ಎನ್ನುವಲ್ಲಿಗೆ ಅದರಲ್ಲಿ ಕೆಲವರು ಹೋಗಿದ್ದಾರೆ. ಗುಹೆಯಲ್ಲಿ ವರ್ಷಗಟ್ಟಲೆ ಕೂತವರ ಮಾತು ಇಷ್ಟು ಸಲೀಸಾದದ್ದು ನನಗಂತೂ ಇರುಸುಮುರುಸು.

ರಾಮದಾಸರು 1931ರಲ್ಲಿ, ಈಗ ಕೇರಳದಲ್ಲಿರುವ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದರು. 1956ರ ತನಕ ಅದೂ ದಕ್ಷಿಣ ಕನ್ನಡವೇ. ಅದಕ್ಕೂ ಮೊದಲು, ಕದ್ರಿಯ ಗುಹೆಯಲ್ಲಿ ಕೂತು ತಮ್ಮ ಒಂದು ವರ್ಷದ ಅಲೆದಾಟವನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಹಸಿದದ್ದು, ಟಿಕೆಟಿಲ್ಲದೆ ರೈಲಿನಿಂದ ಇಳಿಸಿಕೊಂಡದ್ದು, ಅರುಣಾಚಲದಲ್ಲಿ ಆ ಕಣ್ಣುಗಳನ್ನು ಕಂಡದ್ದು ಎಲ್ಲವೂ ಅದರಲ್ಲಿ 'ರಾಮದಾಸ' ಎಂಬೊಬ್ಬನಿಗೆ ಆದದ್ದು. ತನ್ನ ಕತೆ ಹೇಳುವಾಗ ಅವರು 'ನಾನು' ಎಂದು ಬರೆಯಲಿಲ್ಲ.